ಆ ಖಾಲಿ ಜಾಗ ಯಾವ ಸರ್ವೆ ನಂಬರಿನಲ್ಲಿದೆ? ನಿವೃತ್ತ ಭೂಮಾಪಕನೊಬ್ಬನ ಬಹಿರಂಗ ಪತ್ರ

ಗೆ,
ಮಾನ್ಯ ಇಂಧನ ಸಚಿವರು, ಕರ್ನಾಟಕ ಸರ್ಕಾರ;
ವ್ಯವಸ್ಥಾಪಕ ನಿರ್ದೇಶಕರು, ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ;
ಹಾಗೂ ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ವಿಜ್ಞಾನಿಗಳು

ಮಾನ್ಯರೇ,

ಮೂವತ್ತನಾಲ್ಕು ವರ್ಷ ಹೊಲ ಅಳೆದು ಉಂಡವನು ನಾನು. ಗದಗ ಜಿಲ್ಲೆಯವನು. ಭೂಮಾಪನ ಇಲಾಖೆಗೆ ಸರ್ವೇಯರ್ ಆಗಿ ಸೇರಿದಾಗ ಕೈಗೆ ಬಂದದ್ದು 33 ಅಡಿಯ ಸರಪಳಿ, ಹದಿನಾರು ಆಣೆಯದು (ಸರಪಳಿಯ ಹದಿನಾರರಲ್ಲಿ ಒಂದು ಪಾಲಿಗೆ ಒಂದು ಆಣೆ ಎನ್ನುತ್ತೇವೆ). ನಿವೃತ್ತನಾಗುವಾಗ ಕೈಯಲ್ಲಿದ್ದದ್ದು ಉಪಗ್ರಹದ ಜೊತೆ ಮಾತಾಡುವ ಯಂತ್ರ. ಇಷ್ಟೆಲ್ಲ ಬದಲಾದರೂ ಒಂದು ಪದ್ಧತಿ ಮಾತ್ರ ಬದಲಾಗಲಿಲ್ಲ. ಅಳತೆಗೆ ಹೋಗುವ ಮುಂಚೆ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಡಬೇಕು. ಅವರು ಬಂದು ಬದುವಿನ ಮೇಲೆ ನಿಂತ ಮೇಲೆ ಸರಪಳಿ ಬಿಚ್ಚಬೇಕು. ನೋಟಿಸ್ ಇಲ್ಲದೆ ಅಳೆದುಬಂದ ಸರ್ವೇಯರನ ನಕ್ಷೆಯನ್ನು ಮೇಲಿನವರು ವಾಪಸ್ ಕಳಿಸುತ್ತಿದ್ದರು, ಅಳತೆ ಒಂದು ಆಣೆಯಷ್ಟೂ ತಪ್ಪಿರದಿದ್ದರೂ ಸರಿಯೇ.

ಗಾಳಿಯಿಂದ ಕರೆಂಟು ಮಾಡಲು ಈ ನಾಡಿನಲ್ಲಿ ಎಷ್ಟು ನೆಲ ಸಿಗುತ್ತದೆ ಎಂದು ನೀವು ಅಳೆದಿದ್ದೀರಿ. ನಮಗೆ ನೋಟಿಸ್ ಬಂದಿಲ್ಲ. ಅದಕ್ಕೇ ಈ ಪತ್ರ.

ಮೊದಲಿಗೇ ಹೇಳಿಬಿಡುತ್ತೇನೆ, ಇದು ಫ್ಯಾನು ಬೇಡ ಎನ್ನುವ ಪತ್ರವಲ್ಲ. (ನಿಮ್ಮ ಕಡತದಲ್ಲಿ ಅದು ಪವನ ವಿದ್ಯುತ್ ಯಂತ್ರ, ನಮ್ಮೂರಲ್ಲಿ ಫ್ಯಾನು. ಫ್ಯಾನು ಗಾಳಿ ಕೊಡಬೇಕು, ಇದು ತಗೊಳ್ಳುತ್ತದೆ. ಆದರೂ ಹೆಸರು ನಿಂತುಬಿಟ್ಟಿದೆ.) ಮುಂಗಾರಿಯೂ ಹಿಂಗಾರಿಯೂ ಕೈಕೊಟ್ಟ ವರ್ಷ ಫ್ಯಾನಿನ ಜಾಗದ ದುಡ್ಡಿನಲ್ಲೇ ಮಗಳ ಮದುವೆ ಮಾಡಿದ ಮನೆಗಳನ್ನು ನಾನು ಬಲ್ಲೆ. ಕಲ್ಲಿದ್ದಲು ಸುಡುವುದು ಕಡಿಮೆಯಾಗಬೇಕು ಎಂಬುದರಲ್ಲೂ ನನಗೆ ಎರಡು ಮಾತಿಲ್ಲ. 2024–25ರಲ್ಲಿ 1,331 ಮೆಗಾವಾಟ್ ಹೊಸ ಪವನ ಯಂತ್ರ ನಿಲ್ಲಿಸಿ ಕರ್ನಾಟಕ ದೇಶಕ್ಕೇ ಮೊದಲಾಯಿತು ಎಂದು ಓದಿದ ದಿನ ಹೆಮ್ಮೆಯೇ ಆಯಿತು. ನನ್ನ ತಕರಾರು ಇರುವುದು ನೆಲದ ಲೆಕ್ಕದ ಮೇಲೆ ಮಾತ್ರ.

ಕರ್ನಾಟಕದಲ್ಲಿ ಎಷ್ಟು ಪವನ ವಿದ್ಯುತ್ ಸಾಧ್ಯ ಎಂಬುದಕ್ಕೆ ಬೇರೆ ಬೇರೆ ಕಾಲದಲ್ಲಿ ಹೊರಬಂದ ಸರ್ಕಾರಿ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಕೂತೆ. ನೆಲದಿಂದ 50 ಮೀಟರ್ ಎತ್ತರಕ್ಕೆ 8,591 ಮೆಗಾವಾಟ್. 80 ಮೀಟರಿಗೆ 13,593. 100 ಮೀಟರಿಗೆ 55,857. 120 ಮೀಟರಿಗೆ ಸುಮಾರು 1 ಲಕ್ಷ 24 ಸಾವಿರ. 150 ಮೀಟರಿಗೆ ಸುಮಾರು 1 ಲಕ್ಷ 69 ಸಾವಿರ. ಎತ್ತರ ಹೆಚ್ಚಿದಂತೆ ಗಾಳಿ ಜೋರು, ಅದು ಮಾಳಿಗೆ ಮೇಲೆ ಹಪ್ಪಳ ಒಣಗಿಸುವವರಿಗೂ ಗೊತ್ತು. ಆದರೆ 80ರಿಂದ 100ಕ್ಕೆ ಏರಿದಾಗ ಅಂಕಿ ನಾಲ್ಕು ಪಟ್ಟಾಯಿತಲ್ಲ, ಅಲ್ಲಿ ನನ್ನ ಪೆನ್ನು ನಿಂತಿತು. ಇಪ್ಪತ್ತು ಮೀಟರ್ ಮೇಲೆ ಹೋದರೆ ಗಾಳಿಯ ವೇಗ ನೂರಕ್ಕೆ ನಾಲ್ಕೈದು ಪಾಲು ಹೆಚ್ಚೀತು. ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುವುದರಿಂದ ಹದಿನಾಲ್ಕು ಹದಿನೈದು ಪಾಲು ಎನ್ನೋಣ. ಗಾಳಿ ಸ್ವಲ್ಪದರಲ್ಲಿ ಸಾಲದೆ ಹೊರಗುಳಿದಿದ್ದ ಒಂದಷ್ಟು ಜಾಗ ಒಳಗೆ ಬಂದಿರಬಹುದು, ಗಾಳಿಯ ನಕ್ಷೆಯೂ ಸುಧಾರಿಸಿರಬಹುದು. ಆದರೂ ನಾಲ್ಕು ಪಟ್ಟು?

ಒಂದು ದೊಡ್ಡ ಕಾರಣ ಗಾಳಿಯಲ್ಲಿಲ್ಲ, ನೆಲದಲ್ಲಿದೆ. ಹಳೆಯ ಎರಡು ಅಂದಾಜುಗಳಲ್ಲಿ ಗಾಳಿ ಚೆನ್ನಾಗಿರುವ ಪ್ರದೇಶದಲ್ಲಿ ನೂರಕ್ಕೆ ಎರಡು ಪಾಲು ನೆಲ ಮಾತ್ರ ಯಂತ್ರಗಳಿಗೆ ಸಿಗುತ್ತದೆ ಎಂದು ಹಿಡಿದಿದ್ದರು. 2015ರ 100 ಮೀಟರ್ ಅಂದಾಜಿನಲ್ಲಿ ಆ ಎರಡನ್ನು ಬಿಟ್ಟು ನೆಲವನ್ನು ಮೂರು ದರ್ಜೆ ಮಾಡಿದಿರಿ. ಪಾಳುಭೂಮಿ ಮೊದಲ ದರ್ಜೆ, ಅದರಲ್ಲಿ ನೂರಕ್ಕೆ 80 ಪಾಲು ಸಿಗುತ್ತದೆ. ಸಾಗುವಳಿ ಭೂಮಿ ಎರಡನೆಯದು, ಅದರಲ್ಲಿ 30. ಕಾಡು ಮೂರನೆಯದು, ಅದರಲ್ಲಿ 5. ಹಳೆಯ ಎರಡಕ್ಕಿಂತ ಇದು ಮೇಲು, ಒಪ್ಪುತ್ತೇನೆ. ಕಛ್‌ನ ಉಪ್ಪುನೆಲಕ್ಕೂ ಮುಂಡರಗಿಯ ಎರೆಹೊಲಕ್ಕೂ ಒಂದೇ ಅಂಕಿ ಹಚ್ಚುವುದು ಲೆಕ್ಕವಲ್ಲ, ಮೈಗಳ್ಳತನ. ಆದರೆ 80, 30, 5 ಎಂಬುವು ಯಾವ ಹೊಲದಲ್ಲಿ ಬೆಳೆದವು? ಗಾಳಿಯ ಭಾಗಕ್ಕೆ ನೀವು ಹೆಚ್ಚುಕಡಿಮೆ 1,300 ಕಡೆ ಕಂಬ ನೆಟ್ಟು ಅಳೆದ ದಾಖಲೆಗಳನ್ನು ತಾಳೆ ನೋಡಿದ್ದೀರಿ. ನೆಲದ ಭಾಗಕ್ಕೆ ಎಷ್ಟು ಹಳ್ಳಿಗಳಲ್ಲಿ ತಾಳೆ ನೋಡಿದಿರಿ?

ದರ್ಜೆವಾರು ಪಟ್ಟಿ ನೋಡಿದರೆ ನಮ್ಮ ರಾಜ್ಯದ ಕಥೆಯೇ ಬೇರೆ. ಗುಜರಾತಿನ 84,431 ಮೆಗಾವಾಟಿನಲ್ಲಿ 52,288 ಪಾಳುಭೂಮಿಯ ಮೇಲಿನದು. ಕರ್ನಾಟಕದ 55,857ರಲ್ಲಿ ಪಾಳುಭೂಮಿಯದು ಬರೀ 15,202, ಕಾಡಿನದು 852. ಉಳಿದ 39,803 ಮೆಗಾವಾಟ್ ಕೂತಿರುವುದು ಉಳುವ ಹೊಲದಲ್ಲಿ. ನೂರಕ್ಕೆ ಎಪ್ಪತ್ತೊಂದು ಪಾಲು! ಕರ್ನಾಟಕದ ಗಾಳಿ ಎಂದರೆ ಕಡಲೆ, ಬಿಳಿಜೋಳ, ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುವ ರೈತನ ಗಾಳಿ ಎಂದು ನಿಮ್ಮದೇ ಪಟ್ಟಿ ಹೇಳುತ್ತಿದೆ. ಆದರೆ ಹೂಡಿಕೆದಾರರ ಸಮಾವೇಶಗಳಲ್ಲಿ ಕಾಣುವುದು ಮೊತ್ತ ಮಾತ್ರ. ಆ ಎಪ್ಪತ್ತೊಂದನ್ನು ಯಾವ ಭಾಷಣದಲ್ಲೂ ನಾನು ಕೇಳಿಲ್ಲ.

ಮನೆಯಲ್ಲಿ ಕೂತು ಒಂದು ಚಿಕ್ಕ ಲೆಕ್ಕ ಮಾಡಿದೆ. 30ರ ಜಾಗದಲ್ಲಿ 20 ಇಟ್ಟರೆ ಹೊಲದ 39,803 ಇಳಿದು 26,535 ಆಗುತ್ತದೆ. ಪಾಳುಭೂಮಿಯ 80ನ್ನು 40 ಮಾಡಿದರೆ 15,202 ಹೋಗಿ 7,601. ಕಾಡಿನದನ್ನು ಮುಟ್ಟದೆ ಮೂರನ್ನೂ ಕೂಡಿದರೆ ಸಿಗುವುದು 34,988. ಎರಡು ಅಂಕಿ ಬದಲಿಸಿದ್ದಕ್ಕೆ ಸುಮಾರು 21 ಸಾವಿರ ಮೆಗಾವಾಟ್ ಮಾಯ. ಅದೇ ರೀತಿ 30ನ್ನು 40 ಮಾಡಿದರೆ ಹೊಲದ್ದೊಂದೇ 53 ಸಾವಿರ ದಾಟುತ್ತದೆ. ಇಷ್ಟರಲ್ಲಿ ಆಷಾಢದ ಗಾಳಿ ಎಲ್ಲೂ ಕಡಿಮೆಯಾಗಿಲ್ಲ, ಹೆಚ್ಚೂ ಆಗಿಲ್ಲ. 2012ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು ಭಾರತದ ಅಂದಾಜನ್ನು ಬೇರೆ ರೀತಿ ಮಾಡಿ, 80 ಮೀಟರ್ ಎತ್ತರಕ್ಕೇ 2,000 ಗಿಗಾವಾಟಿಗೂ ಮೇಲೆ ಎಂದರು (ಒಂದು ಗಿಗಾವಾಟ್ ಎಂದರೆ ಸಾವಿರ ಮೆಗಾವಾಟ್). ಅದೇ ಎತ್ತರಕ್ಕೆ ನಮ್ಮ ಸರ್ಕಾರಿ ಅಂಕಿ ಆಗ 102 ಗಿಗಾವಾಟ್. ದೇಶ ಒಂದೇ, ಎತ್ತರ ಒಂದೇ, ಅಂತರ ಇಪ್ಪತ್ತು ಪಟ್ಟು. ಹೊಲದ ಗಡಿ ಜಗಳದಲ್ಲಿ ಇಷ್ಟು ಅಂತರ ಬಂದಿದ್ದರೆ ಇಬ್ಬರು ಸರ್ವೇಯರರನ್ನೂ ಮನೆಗೆ ಕಳಿಸುತ್ತಿದ್ದರು.

ಹಾಗಾಗಿ ನನ್ನ ಮುಖ್ಯ ಮಾತು ಇಷ್ಟೇ. ಈ ಶೇಕಡಾವಾರು ಪಾಲುಗಳು ವಿಜ್ಞಾನದ ಮಾಪನಗಳಲ್ಲ, ತೀರ್ಮಾನಗಳು. ಹೊಲದ ನೂರರಲ್ಲಿ ಎಷ್ಟು ಪಾಲು ಫ್ಯಾನಿಗೆ ಬಿಡಬಹುದು ಎಂಬ ತೀರ್ಮಾನ ಹೊಲದವನಿಗೂ ಸೇರಿದ್ದು. ಅದನ್ನು ಮಾಪನದ ವೇಷ ಹಾಕಿಸಿ ಚೆನ್ನೈಯಿಂದಲೋ ಬೆಂಗಳೂರಿನಿಂದಲೋ ಕಳಿಸಬೇಡಿ.

ಇನ್ನು ‘ಒಂದು ಫ್ಯಾನಿಗೆ ಎಷ್ಟು ಜಾಗ ಬೇಕು?’ ಎಂಬ ಪ್ರಶ್ನೆಗೆ ಬರುತ್ತೇನೆ. ಇದರಲ್ಲಿ ನಾನು ಕಣ್ಣಾರೆ ಕಂಡದ್ದಿದೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇದಕ್ಕೆ ಮೂರು ಉತ್ತರಗಳಿವೆ, ಮೂರೂ ನಿಜ. ಜಾಗ ಕೇಳಿಕೊಂಡು ಬರುವ ಏಜೆಂಟನ ಉತ್ತರ ಮೊದಲನೆಯದು. ಈಗಿನ 3 ಮೆಗಾವಾಟಿನ ಯಂತ್ರದ ಅಡಿಪಾಯ ಇಪ್ಪತ್ತು ಮೀಟರ್ ಆಸುಪಾಸಿನ ಅಗಲದ ದುಂಡು. ಅಳೆದರೆ ಮೂರು ಗುಂಟೆ ಚಿಲ್ಲರೆ. ಅವನು ಪಡಸಾಲೆಯಲ್ಲಿ ಕೂತು, ಚಹಾ ಹೀರಿ ಹೇಳುವುದು ಇದನ್ನೇ: ‘ಮೂರ ಗುಂಟೆ ಗೌಡ್ರ, ಉಳದದ್ದೆಲ್ಲಾ ನೀವ ಬಿತ್ತಕೋರಿ. ಗಾಳಿ ಬಂದಾಗ ತೂರಿಕೋಬೇಕು ನೋಡ್ರಿ.’

ಎರಡನೆಯದು ನಿಮ್ಮ ಲೆಕ್ಕದ ಉತ್ತರ. ಒಂದು ಯಂತ್ರ ಗಾಳಿಯನ್ನು ಕಡೆದ ಮೇಲೆ ಅದರ ಹಿಂದಿನ ಯಂತ್ರಕ್ಕೆ ಸಿಗುವುದು ಸುಸ್ತಾದ ಗಾಳಿ. ಅದಕ್ಕೇ ಅಡ್ಡಕ್ಕೆ ರೆಕ್ಕೆಚಕ್ರದ ಅಗಲದ ಐದು ಪಟ್ಟು, ಗಾಳಿ ಬೀಸುವ ದಿಕ್ಕಿಗೆ ಏಳು ಪಟ್ಟು ಅಂತರ ಬಿಡಬೇಕೆಂಬ ರೂಢಿ. ಚಕ್ರದ ಅಗಲ 140 ಮೀಟರ್ ಇದ್ದರೆ 700 ಮೀಟರ್ ಅಡ್ಡ, 980 ಮೀಟರ್ ಉದ್ದ. ನಮ್ಮ ಭಾಷೆಯಲ್ಲಿ 170 ಎಕರೆ. ಈ ಲೆಕ್ಕ ಹಿಡಿದರೆ 1 ಲಕ್ಷ 69 ಸಾವಿರ ಮೆಗಾವಾಟಿಗೆ 56 ಸಾವಿರಕ್ಕೂ ಹೆಚ್ಚು ಯಂತ್ರ, 38 ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಬೇಕು. ನಮ್ಮ ಗದಗ ಜಿಲ್ಲೆ 4,656 ಚದರ ಕಿಲೋಮೀಟರ್. ಅಂಥ ಎಂಟು ಜಿಲ್ಲೆ, ಅಂದರೆ ರಾಜ್ಯದ ಐದರಲ್ಲಿ ಒಂದು ಪಾಲು. ನೀವು ಯಂತ್ರಗಳನ್ನು ಇನ್ನಷ್ಟು ಒತ್ತೊತ್ತಾಗಿ ನಿಲ್ಲಿಸುವ ಲೆಕ್ಕ ಹಿಡಿದಿದ್ದರೆ ಆರು ಜಿಲ್ಲೆಗೆ ಇಳಿದೀತು.

ಮೂರು ಗುಂಟೆ, ಇಲ್ಲವೇ 170 ಎಕರೆ. ಇವೆರಡರ ನಡುವೆ ಮೂರನೆಯ ಉತ್ತರವಿದೆ. ಅದನ್ನು ಏಜೆಂಟನೂ ಹೇಳುವುದಿಲ್ಲ, ವರದಿಯೂ ಹೇಳುವುದಿಲ್ಲ. ರೆಕ್ಕೆ ಜೋಡಿಸಲು ದೊಡ್ಡ ಕ್ರೇನು ನಿಲ್ಲಬೇಕು, ಅದಕ್ಕೆ ಗಟ್ಟಿ ಮಾಡಿದ ಅಂಗಳ ಬೇಕು. ಅರವತ್ತು ಎಪ್ಪತ್ತು ಮೀಟರ್ ಉದ್ದದ ರೆಕ್ಕೆ ಹೊತ್ತ ಲಾರಿ ತಿರುಗಬೇಕು, ಅದಕ್ಕೆ ಎತ್ತಿನಗಾಡಿಯ ದಾರಿ ಸಾಲದು. ಆರು ಮೀಟರ್ ಅಗಲದ ಗರಸಿನ ರಸ್ತೆ ಒಂದು ಕಿಲೋಮೀಟರ್ ಹೋದರೆ ಒಂದೂವರೆ ಎಕರೆ ತಿನ್ನುತ್ತದೆ. ಆಮೇಲೆ ಕಂಬ, ತಂತಿ, ಸಬ್‌ಸ್ಟೇಷನ್. ಫ್ಯಾನು ನಿಲ್ಲುವವನ ಹೊಲ ಒಂದು. ರಸ್ತೆ, ತಂತಿ ಹಾಯುವ ಹೊಲಗಳು ಹತ್ತು. ಒಪ್ಪಂದದ ದುಡ್ಡು ಹೆಚ್ಚಾಗಿ ಬರುವುದು ಮೊದಲನೆಯವನಿಗೆ.

ನಾನು ನಿವೃತ್ತನಾದ ಮೇಲೆ ಪಕ್ಕದೂರಿನ ಒಬ್ಬ ಹಿರಿಯ ಹೆಣ್ಣುಮಗಳು ಹೊಲ ಅಳೆದುಕೊಡು ಎಂದು ಕರೆಸಿಕೊಂಡರು. ನಾಲ್ಕು ಎಕರೆ ಹನ್ನೆರಡು ಗುಂಟೆ ಎರೆಭೂಮಿ. ಫ್ಯಾನು ನಿಂತದ್ದು ಆಚೆಯ ಹೊಲದಲ್ಲಿ. ‘ಮಶಿನ್ ಹಾಯೋತನಕ ಅಷ್ಟ’ ಎಂದು ಕಂಪನಿಯವರು ಇವರ ಬದುವಿನ ಗುಂಟ ಗರಸು ಹಾಕಿ ರಸ್ತೆ ಮಾಡಿದ್ದರು. ಮಶಿನ್ ಹಾದು ಮೂರು ವರ್ಷವಾಗಿತ್ತು, ಗರಸು ಅಲ್ಲೇ ಇತ್ತು. ಎರೆಹೊಲದಲ್ಲಿ ರಸ್ತೆ ಒಂದು ಅಡಿ ಎತ್ತರವಾದರೂ ಅದು ಒಡ್ಡಿನಂತೆಯೇ. ಮುಂಗಾರಿ ಮಳೆಯ ನೀರು ಆಚೆ ಹೋಗದೆ ಮಡುಗಟ್ಟಿ ಹೆಸರು ಕೊಳೆತಿತ್ತು. ನಾನು ಅಳೆದೆ. ರಸ್ತೆ ಹದಿನೇಳು ಗುಂಟೆ, ನೀರು ನಿಂತು ಹಾಳಾದದ್ದು ಮತ್ತೂ ಮೂವತ್ತು ಗುಂಟೆ. ನಕ್ಷೆ ಕೈಗಿಟ್ಟಾಗ ಆಕೆ ಅದನ್ನು ನೋಡಲೇ ಇಲ್ಲ. ‘ತಮ್ಮಾ, ಫ್ಯಾನು ಅವರ ಹೊಲದಾಗ, ಗರಸು ನನ್ನ ಹೊಲದಾಗ. ಇದನ್ನ ಯಾವ ಕಾಗದದಾಗ ಬರೀತಿ?’ ಎಂದರು. ಮೂವತ್ತನಾಲ್ಕು ವರ್ಷದ ಅನುಭವ ಇದ್ದವನಿಗೆ ಉತ್ತರ ಗೊತ್ತಿರಲಿಲ್ಲ. ನಿಮಗೆ ಗೊತ್ತಿದ್ದರೆ ತಿಳಿಸಿ. ಆ ನಲವತ್ತೇಳು ಗುಂಟೆ ಮೂರು ಗುಂಟೆಯಲ್ಲೂ ಇಲ್ಲ, 30 ಪಾಲಿನಲ್ಲೂ ಇಲ್ಲ.

ಈಗ ಪಾಳುಭೂಮಿ. ಈ ಪದದ ಜೊತೆ ನನ್ನದು ಹಳೆಯ ಜಗಳ.

ಕಂದಾಯದ ಕಣ್ಣಿಗೆ ತೆರಿಗೆ ಕೊಡದ ನೆಲವೆಲ್ಲ ಒಂದಲ್ಲ ಒಂದು ಬಗೆಯ ಖರಾಬು. ಪಹಣಿಯಲ್ಲಿ ಎ ಖರಾಬು, ಬಿ ಖರಾಬು ಎಂದು ನೀವೂ ನೋಡಿರುತ್ತೀರಿ. ಬಿ ಖರಾಬು ಎಂದರೆ ಊರಿನ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ನೆಲ. ಹೆಸರಿನಲ್ಲಿ ಖರಾಬು, ಊರಿಗೆ ಅದಿಲ್ಲದೆ ಆಗದು. ಗೋಮಾಳದ್ದೂ ಇದೇ ಹಣೆಬರಹ. ನೂರು ರಾಸಿಗೆ 30 ಎಕರೆ ಮೇವಿನ ನೆಲ ಇರಬೇಕೆಂದು ಭೂಕಂದಾಯ ನಿಯಮವೇ ಹೇಳುತ್ತದೆ. ಉಪಗ್ರಹದ ಚಿತ್ರದಲ್ಲಿ ಆ ನಿಯಮ ಕಾಣುವುದಿಲ್ಲ, ಕುರುಚಲು ಗಿಡ ಕಾಣುತ್ತದೆ. ಕೇಂದ್ರ ಸರ್ಕಾರದ 2019ರ ಪಾಳುಭೂಮಿ ನಕಾಶೆ ಸಂಪುಟದ ಪ್ರಕಾರ ದೇಶದ ನೂರಕ್ಕೆ ಸುಮಾರು 17 ಪಾಲು ನೆಲ ಪಾಳು. ಕುರುಚಲು, ಕಲ್ಲುನೆಲ, ‘ಸವಕಲು’ ಹುಲ್ಲುಗಾವಲು ಎಲ್ಲವೂ ಅದರಲ್ಲಿ ಸೇರಿವೆ.

ಒಮ್ಮೆ ಗುಡ್ಡದ ಬುಡದಲ್ಲಿ ಒಂದು ಸರ್ಕಾರಿ ಪಡ ಅಳೆಯಲು ಹೋಗಿದ್ದೆ. ಕುರಿಗಾರರೊಬ್ಬರು ಕಂಬಳಿ ಹೊದ್ದು ನಿಂತು ನಮ್ಮ ಸರಪಳಿ ಹಿಡಿಯುವವರನ್ನೇ ನೋಡುತ್ತಿದ್ದರು.

‘ಸಾಹೇಬ್ರ, ಈ ಜಾಗಕ್ಕ ಕಾಗದದಾಗ ಏನ್ ಬರದೈತ್ರಿ?’
‘ಪಡ ಅಂತ ಐತಿ. ಏನೂ ಬೆಳಿಯೂದಿಲ್ಲ ಅಂತ.’
‘ಹೌದ್ರೀ? ನಮ್ ಕುರಿಗೆ ಓದಾಕ ಬರೂದಿಲ್ಲ ನೋಡ್ರಿ, ಅದಕ್ಕ ಮೇಯಾಕತ್ಯಾವು.’

ಅವತ್ತು ನಕ್ಕು ಸುಮ್ಮನಾದೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ವಿಜ್ಞಾನ ಸಂಸ್ಥೆ, ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಗಿ, ಸುತ್ತಲಿನ ಹಳ್ಳಿಯವರು ಹಸಿರು ನ್ಯಾಯಮಂಡಳಿಯವರೆಗೆ ಹೋದಾಗ ಆ ಕುರಿಗಾರರ ಮಾತು ನೆನಪಾಯಿತು. ಖಾಲಿ ಎಂದು ಬರೆದವರು ಬರೆದರು, ಅಲ್ಲಿ ಮೇಯಿಸುವವರನ್ನು ಕೇಳುವಷ್ಟರಲ್ಲಿ ಬೇಲಿ ಬಂದಿತ್ತು. ಹುಲ್ಲುಗಾವಲಿನಲ್ಲಿ ಕುರಿ ಮಾತ್ರ ಇರುವುದಿಲ್ಲ. ನಮ್ಮ ಅಜ್ಜಂದಿರು ಎರೆಭೂತ ಎಂದು ಕರೆಯುತ್ತಿದ್ದ ದೊಡ್ಡ ಹಕ್ಕಿ (ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್) ಈಗ ರಾಜ್ಯದಲ್ಲಿ ಉಳಿದಿದ್ದರೆ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ಭಾರವಾದ ಮೈ, ಎದುರಿಗಿರುವ ತಂತಿ ಅದಕ್ಕೆ ಬೇಗ ಕಾಣುವುದಿಲ್ಲ. ರಾಜಸ್ಥಾನ, ಗುಜರಾತಿನಲ್ಲಿ ಈ ಹಕ್ಕಿಗಾಗಿ ತಂತಿ ನೆಲದಡಿ ಹಾಕಬೇಕೇ ಬೇಡವೇ ಎಂದು 2021ರಲ್ಲೊಮ್ಮೆ, 2024ರಲ್ಲೊಮ್ಮೆ ಸುಪ್ರೀಂ ಕೋರ್ಟೇ ಆದೇಶ ಮಾಡಬೇಕಾಯಿತು. ಪಾಳುಭೂಮಿಯ ನೂರಕ್ಕೆ 80 ಪಾಲು ಸಿಗುತ್ತದೆ ಎನ್ನುವಾಗ ಇದೆಲ್ಲ ಉಳಿದ 20ರಲ್ಲಿ ಹಿಡಿಸುತ್ತದೆ ಎಂದು ನಂಬಿದ್ದೀರಾ?

ನೆಲದ ದರ್ಜೆ ಕಲ್ಲಿನ ಮೇಲೆ ಕೆತ್ತಿದ್ದೂ ಅಲ್ಲ. ನಮ್ಮ ಕಪ್ಪತಗುಡ್ಡವನ್ನೇ ನೋಡಿ. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶ ಎಂದು ಘೋಷಿಸಿದರು. 2016ರಲ್ಲಿ ಹಿಂದಕ್ಕೆ ಪಡೆದರು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜಿಲ್ಲೆಗೆ ಜಿಲ್ಲೆಯೇ ಬೀದಿಗಿಳಿಯಿತು. 2017ರಲ್ಲಿ ಮತ್ತೆ ಮೀಸಲಾಯಿತು, 2019ರಲ್ಲಿ 244 ಚದರ ಕಿಲೋಮೀಟರಿನ ವನ್ಯಜೀವಿಧಾಮವಾಯಿತು. ಆ ಗುಡ್ಡದ ಸಾಲಿನಲ್ಲಿ ಫ್ಯಾನುಗಳೂ ಇವೆ, ಹಳೆಯವು. ನಾಲ್ಕು ವರ್ಷದಲ್ಲಿ ಒಂದೇ ಗುಡ್ಡ ಎಷ್ಟು ಸಲ ಹೆಸರು ಬದಲಿಸಿತು ಎಣಿಸಿ. ಅಂದಾಜಿನ ವರದಿ ಮಾತ್ರ ತಾನು ಬರೆದ ವರ್ಷದ ನೆಲವನ್ನೇ ಹಿಡಿದು ಕೂತಿರುತ್ತದೆ.

ಹಳೆಯ ಫ್ಯಾನುಗಳ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಗದಗ, ಚಿತ್ರದುರ್ಗಗಳಲ್ಲಿ ಗಾಳಿ ಎಲ್ಲಕ್ಕಿಂತ ಚೆನ್ನಾಗಿರುವ ಏಣುಗಳನ್ನೆಲ್ಲ ಮೊದಲೇ ಬಂದ ಸಣ್ಣ ಯಂತ್ರಗಳು ಹಿಡಿದುಕೊಂಡಿವೆ. ರಸ್ತೆ ಆಗಿದೆ, ತಂತಿ ಎಳೆದಿದೆ, ಊರು ಒಪ್ಪಿಯೋ ಒಪ್ಪದೆಯೋ ಹೊಂದಿಕೊಂಡಿದೆ. ಅವನ್ನು ಕೆಡವಿ ದೊಡ್ಡವನ್ನು ನಿಲ್ಲಿಸಲು ಕೇಂದ್ರದ ನೀತಿ 2016ರಲ್ಲೇ ಬಂತು, 2023ರಲ್ಲಿ ಹೊಸದಾಗಿಯೂ ಬಂತು. ಹೊಸ ಎರೆಹೊಲಕ್ಕೆ ಗರಸು ಸುರಿಯುವ ಮುಂಚೆ ಈ ಜಾಗದಲ್ಲೇ ಎಷ್ಟು ಹೆಚ್ಚು ಬರುತ್ತದೆ ಎಂದು ತಾಲೂಕುವಾರು ಲೆಕ್ಕ ಹಾಕಿ ಕೊಡಿ. ಕಾಡು, ವನ್ಯಧಾಮದೊಳಗಿರುವುದನ್ನು ಬೇರೆ ಕಾಲಮ್ಮಿನಲ್ಲಿ ತೋರಿಸಿ.

ಅಂತರದ ನಿಯಮಗಳ ಲೆಕ್ಕವೂ ನನಗೆ ಹತ್ತಿಲ್ಲ. ಕೇಂದ್ರದ 2016ರ ಮಾರ್ಗಸೂಚಿ ಸದ್ದಿನ ಕಾರಣಕ್ಕೆ ಯಾವುದೇ ವಾಸದ ಮನೆಯಿಂದ 500 ಮೀಟರ್ ದೂರ ಇರಬೇಕು ಎನ್ನುತ್ತದೆ. ರಸ್ತೆ, ರೈಲು, ಕಟ್ಟಡ, ದೊಡ್ಡ ತಂತಿಗಳಿಂದ ಕಂಬದ ಎತ್ತರ, ಚಕ್ರದ ಅರ್ಧ ಅಗಲ, ಮೇಲೆ ಐದು ಮೀಟರ್ ಬಿಡಬೇಕು. 120 ಮೀಟರಿನ ಕಂಬ, 140 ಮೀಟರಿನ ಚಕ್ರಕ್ಕೆ 195 ಮೀಟರ್ ಆಯಿತು. 500 ಮೀಟರಿನ ದುಂಡು ಎಂದರೆ 194 ಎಕರೆ. ಹೊಲದಲ್ಲಿ ಒಂದು ಒಂಟಿ ಮನೆ ಇದ್ದರೆ ಅಷ್ಟು ನೆಲ ಲೆಕ್ಕದಿಂದ ಹೊರಗೆ. ಬೋರ್‌ವೆಲ್ ಬಂದ ಮೇಲೆ ನಮ್ಮ ಕಡೆ ಹೊಲದಲ್ಲೇ ಮನೆ ಕಟ್ಟಿಕೊಳ್ಳುವವರು ಹೆಚ್ಚಿದ್ದಾರೆ. ಗಾಳಿಯ ನಕ್ಷೆಯಲ್ಲಿ ನೀವು ಹಿಡಿದ ಒಂದೊಂದು ಚೌಕ 500 ಮೀಟರಿಗೆ 500 ಮೀಟರ್, ಅಂದರೆ 62 ಎಕರೆ. ಗಾಳಿಗೆ ಅದು ಬಲು ಸೂಕ್ಷ್ಮ ಅಳತೆ. ಆದರೆ ನನ್ನ ಊರಿನ 62 ಎಕರೆಯಲ್ಲಿ ಹದಿನೈದು ಹಿಸ್ಸೆ, ಒಂದು ಹಳ್ಳ, ಎರಡು ಹೊಲದ ಮನೆ, ಒಂದು ದುರುಗಮ್ಮನ ಗುಡಿ ಇವೆ. ಇವನ್ನೆಲ್ಲ ಕಳೆದಿದ್ದರೆ ಕಳೆದ ನಕ್ಷೆಯನ್ನು ತೋರಿಸಿ. ಜರ್ಮನಿಯ ಬವೇರಿಯ ರಾಜ್ಯದಲ್ಲಿ 2014ರಲ್ಲಿ ಮನೆಗಳಿಂದ ಯಂತ್ರದ ಎತ್ತರದ ಹತ್ತು ಪಟ್ಟು ದೂರ ಎಂಬ ನಿಯಮ ತಂದದ್ದೇ ತಡ, ಹೊಸ ಯಂತ್ರಗಳ ಅರ್ಜಿಗಳೇ ಬತ್ತಿಹೋದವು. ಅಂತರದ ಒಂದು ಸಾಲು ನಿಯಮಕ್ಕೆ ಅಷ್ಟು ಬಲವಿದೆ.

ಅದೇ ಜರ್ಮನಿಯಿಂದ ಇನ್ನೊಂದು ಸಂಗತಿ. 2023ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನಿನ ಪ್ರಕಾರ 2032ರೊಳಗೆ ದೇಶದ ನೂರಕ್ಕೆ ಎರಡು ಪಾಲು ನೆಲವನ್ನು ಗಾಳಿಗೆಂದು ಗುರುತಿಸಿಡಬೇಕು. ಪ್ರತಿ ರಾಜ್ಯಕ್ಕೂ ಇಷ್ಟಿಷ್ಟು ಎಂದು ಹಂಚಿದ್ದಾರೆ. ನಮ್ಮ ಹಳೆಯ ಅಂದಾಜಿನಲ್ಲೂ ಎರಡೇ ಇತ್ತು! ಅವರ ಎರಡು ನಕ್ಷೆಯ ಮೇಲೆ ಗೆರೆ ಎಳೆದು, ಇಲ್ಲಿ ಹೌದು ಇಲ್ಲಿ ಇಲ್ಲ ಎಂದು ಎಲ್ಲರೆದುರು ಹೇಳಬೇಕಾದ ಎರಡು. ನಮ್ಮದು ಎಲ್ಲಿ ಎಂದು ಯಾರೂ ಹೇಳದ ಎರಡು. ಆಮೇಲೆ ಅದೇ 80, 30, 5 ಆಯಿತು, ಆಗಲೂ ಎಲ್ಲಿ ಎಂದು ಹೇಳಲಿಲ್ಲ. ಜರ್ಮನಿಯನ್ನು ನಕಲು ಮಾಡಿ ಎನ್ನುತ್ತಿಲ್ಲ, ಅವರ ಜಗಳ ಅವರಿಗೂ ಇದ್ದೇ ಇದೆ. ಆದರೆ ಗೆರೆ ಎಳೆದ ಮೇಲಿನ ಜಗಳವನ್ನು ಬಗೆಹರಿಸಬಹುದು. ಗೆರೆಯೇ ಇಲ್ಲದ ಜಗಳ ಪ್ರತಿ ಹೊಲದಲ್ಲೂ ಹೊಸದಾಗಿ ಶುರುವಾಗುತ್ತದೆ, ಅಲ್ಲಿ ಒಂದು ಕಡೆ ವಕೀಲರಿರುತ್ತಾರೆ, ಇನ್ನೊಂದು ಕಡೆ ಆ ಹಿರಿಯ ಹೆಣ್ಣುಮಗಳು.

ಗೆರೆ ಎಳೆಯುವ ಸಾಮಾನು ನಮ್ಮಲ್ಲಿಲ್ಲವೇ? ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ್ದರಲ್ಲಿ ದೇಶಕ್ಕೆ ಮೊದಲಿಗರು ನಾವು, ‘ಭೂಮಿ’ ಯೋಜನೆ ಇಪ್ಪತ್ತೈದು ವರ್ಷ ಹಳೆಯದು. ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ನನ್ನ ಮೊಮ್ಮಗ ಅದನ್ನು ಆಟದಂತೆ ಆಡುತ್ತಾನೆ. ಆ ನಕ್ಷೆಯ ಮೇಲೆ ಗಾಳಿಯ ಪದರವೊಂದನ್ನು ಹಾಕಿ. ಈ ಸರ್ವೆ ನಂಬರನ್ನು ಅಂದಾಜಿನಲ್ಲಿ ಯಾವ ದರ್ಜೆಗೆ ಹಾಕಿದೆ, ಎಷ್ಟು ಪಾಲು ಹಿಡಿದಿದೆ, ಏಕೆ ಬಿಟ್ಟಿದೆ ಎಂದು ಯಾರು ಬೇಕಾದರೂ ನೋಡಲಿ. ತಪ್ಪಿದ್ದರೆ ಗ್ರಾಮಸಭೆಯಲ್ಲಿ ಬರೆದು ತಿದ್ದಿಸಲು ಮೂರು ತಿಂಗಳು ಕೊಡಿ. ಗೋಮಾಳ, ಕಾವಲು, ಕುರಿಗಾರರು ವರ್ಷವರ್ಷ ಹಾಯುವ ದಾರಿಗಳನ್ನು ಪಾಳುಭೂಮಿಯ ಪಟ್ಟಿಯಿಂದ ಹೊರಗೆ ತೆಗೆದು, ಬೇರೆಯೇ ದರ್ಜೆ ಮಾಡಿ. ರಸ್ತೆ, ತಂತಿ, ಕ್ರೇನಿನ ಅಂಗಳಕ್ಕೆ ಹೋಗುವ ನೆಲವನ್ನು ಯಂತ್ರಕ್ಕೆ ಇಷ್ಟೆಂದು ಪ್ರತ್ಯೇಕ ತೋರಿಸಿ. ಹಾಗೆಯೇ 55,857 ಎಂದು ಕೊನೆಯ ಏಳರವರೆಗೆ ಬರೆಯುವುದನ್ನು ಬಿಟ್ಟು, ಹೊಲದ ಪಾಲು 10 ಆದರೆ ಇಷ್ಟು, 20 ಆದರೆ ಇಷ್ಟು, 30 ಆದರೆ ಇಷ್ಟು ಎಂದು ಪಕ್ಕಪಕ್ಕದಲ್ಲಿ ಬರೆಯಿರಿ. 10 ಆದರೆ ಹೊಲದಿಂದ ಬರುವುದು 13 ಸಾವಿರ ಚಿಲ್ಲರೆ. 2025ರ ಮಾರ್ಚ್ ಕೊನೆಗೆ ರಾಜ್ಯದಲ್ಲಿ ತಿರುಗುತ್ತಿದ್ದ ಎಲ್ಲ ಫ್ಯಾನು ಸೇರಿ 7 ಸಾವಿರ ಮೆಗಾವಾಟ್ ದಾಟಿತ್ತು ಅಷ್ಟೇ. ಅಂದರೆ 10 ಹಿಡಿದರೂ ಕೆಲಸ ನಿಲ್ಲುವುದಿಲ್ಲ, ಆತುರವೂ ಬೇಕಿಲ್ಲ. ಈ ಸಣ್ಣ ಅಂಕಿ ಬರೆಯಲು ಹೆದರುವ ಕಾರಣ ನನಗಂತೂ ಕಾಣುತ್ತಿಲ್ಲ.

ಇದೆಲ್ಲ ರಾಜ್ಯಕ್ಕೆಲ್ಲ ಒಮ್ಮೆಲೇ ಆಗದು ಎಂದರೆ ಒಂದೇ ತಾಲೂಕು ತೆಗೆದುಕೊಳ್ಳಿ. ಮುಂಡರಗಿಯೋ ಶಿರಹಟ್ಟಿಯೋ, ನಿಮ್ಮ ಇಷ್ಟ. ಬರುವುದಾದರೆ ಫೆಬ್ರುವರಿ ಕಳೆದ ಮೇಲೆ ಬನ್ನಿ. ಕಡಲೆ ಕಿತ್ತಿರುತ್ತಾರೆ, ಹೊಲ ಬರಿದಾಗಿ ಬದುಗಳು ಚೆನ್ನಾಗಿ ಕಾಣುತ್ತವೆ, ಮಧ್ಯಾಹ್ನ ಹನ್ನೆರಡರೊಳಗೆ ಮುಗಿಸಿದರೆ ಬಿಸಿಲೂ ಹತ್ತುವುದಿಲ್ಲ. ಬರುವ ಏಳು ದಿನ ಮುಂಚೆ ಅಕ್ಕಪಕ್ಕದವರಿಗೆ ನೋಟಿಸ್ ಕೊಡಿ, ಕುರಿಗಾರರಿಗೂ. ಅವರಿಗೆ ಕಾಗದ ಮುಟ್ಟಿಸುವುದು ಕಷ್ಟವಾದರೆ ನನಗೆ ಹೇಳಿ, ಸಂತೆಯ ದಿನ ಎಲ್ಲಿ ಸಿಗುತ್ತಾರೆ ಎಂದು ಗೊತ್ತು. ಸರಪಳಿ ತರಬೇಡಿ. ನನ್ನದು ಇನ್ನೂ ಅಟ್ಟದ ಮೇಲಿದೆ, ಎಣ್ಣೆ ಹಚ್ಚಿ ಇಟ್ಟಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೂಮಾಪಕ
ಗದಗ ಜಿಲ್ಲೆ